ನುಚ್ಚಿಗೆ ಕೊಂಡ ಮಗ

ಮೈಕು ಕೈಗೆ ಸಿಕ್ಕರೆ ಸಾಕು, ಸಂಶಿಯ ಫಕೀರಪ್ಪ ತನ್ನ ಬಾಲ್ಯವನ್ನು ಹೇಳದೆ ಕೆಳಗಿಳಿಯುವವನಲ್ಲ. ಬೀಜ-ಗೊಬ್ಬರದ ಅಂಗಡಿಯ ಮಾಲಕ, ಐವತ್ತು ದಾಟಿದ ಸಂಸಾರಸ್ಥ, ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತ ಮನುಷ್ಯ. ಆದರೆ ಮೈಕಿನ ಮುಂದೆ ಹೋದನೆಂದರೆ ಐದು ವರ್ಷದ ಕೂಸಾಗಿಬಿಡುತ್ತಿದ್ದ. ಗಣಪತಿ ಕೂರಿಸಿದಲ್ಲಿ, ರೈತರ ಸಭೆಯಲ್ಲಿ, ಯಾರದೋ ಮನೆಯ ತೊಟ್ಟಿಲ ಕಾರ್ಯದಲ್ಲಿ, ಎಲ್ಲೆಡೆ ಅದೇ ಕಥೆ. ಕೇಳಿ ಕೇಳಿ ಊರ ಜನಕ್ಕೆ ಆಕಳಿಕೆ ಬರುತ್ತಿತ್ತು. ಎಷ್ಟು ಸಲ ಕೇಳಿದರೂ ಇನ್ನೊಮ್ಮೆ ಹೇಳಲಿ ಎನ್ನುವ ಜೀವ ಊರಲ್ಲಿ ಒಂದೇ ಇತ್ತು. ಅದು ಪಿಂಜಾರ ಓಣಿಯ ಜಮೀಲಾಬಿ, ಯಾಕೆಂದರೆ ಆ ಕಥೆ ಅವಳದು.

ಕಥೆ ಇಷ್ಟು. ಫಕೀರಪ್ಪನ ತಾಯಿ ಗುರವ್ವನಿಗೆ ಅವನಿಗಿಂತ ಮೊದಲು ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲ. ಕೂಸು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ಹುಟ್ಟಿದ ಕೂಡಲೇ ಬೇರೆಯವರಿಗೆ ಮಾರುವುದು ಹಳೆಯ ಪದ್ಧತಿ. ಈ ಕೂಸು ಈ ಮನೆಯದಲ್ಲ ಎಂದು ಸಾವಿಗೆ ಮಂಕುಬೂದಿ ಎರಚಬೇಕು, ಅಷ್ಟೆ. ಗುರವ್ವ ಹೊಕ್ಕುಳ ಬಳ್ಳಿ ಒಣಗುವ ಮೊದಲೇ ಮಗನನ್ನು ಮೊರದಲ್ಲಿ ಮಲಗಿಸಿ ಹಿತ್ತಲ ಗೋಡೆಯ ಮೇಲಿಂದ ಆಚೆ ದಾಟಿಸಿದಳು. ಆಚೆ ನಿಂತಿದ್ದವಳು ಜಮೀಲಾಬಿ, ಗಾದಿ ತುಂಬುವ ನಿಜಾಮಸಾಬನ ಹೆಂಡತಿ, ಇನ್ನೂ ಹುಡುಗಿ. ಅವಳ ಚೊಚ್ಚಲ ಕೂಸು ಆ ವಾರವಷ್ಟೇ ಮಣ್ಣು ಸೇರಿತ್ತು. ಎದೆಹಾಲು ಕುಪ್ಪಸ ತೋಯಿಸುತ್ತಿತ್ತು. ಒಂದು ಮೊರ ಜೋಳದ ನುಚ್ಚು ಕೊಟ್ಟು ಅವಳು ಕೂಸನ್ನು ಕೊಂಡಳು. ಸಾಬರ ಮನೆಗೆ ಮಾರಿದ ಕೂಸೆಂದು ಫಕೀರಪ್ಪ ಎಂದು ಹೆಸರಾಯಿತು.

ಅಪಾಯದ ವಯಸ್ಸು ದಾಟಿದ ಮೇಲೆ ಹೆತ್ತವರು ಅಷ್ಟೇ ನುಚ್ಚು ತಿರುಗಿ ಕೊಟ್ಟು ಮಗನನ್ನು ಬಿಡಿಸಿಕೊಳ್ಳಬೇಕು. ಗುರವ್ವನಿಗೆ ಧೈರ್ಯ ಸಾಲಲಿಲ್ಲ. ಬಿಡಿಸಿಕೊಂಡ ಮರುದಿನವೇ ಏನಾದರೂ ಆದರೆ ಎಂದು ಮುಂದಕ್ಕೆ ಹಾಕುತ್ತ ಹೋದಳು. ಹುಡುಗ ಶಾಲೆಗೆ ಹೋಗುವ ವಯಸ್ಸಿಗೆ ತಾನಾಗಿಯೇ ಗುರವ್ವನ ಮನೆಗೆ ಬಂದು ಉಳಿದ. ನುಚ್ಚಿನ ಮಾತು ಎಲ್ಲರಿಗೂ ಮರೆತುಹೋಯಿತು.

ಈ ಸಲ ಸಂಕ್ರಾಂತಿ ಮುಗಿದ ಮೇಲೆ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಸ್ನೇಹ ಸಮ್ಮಿಲನ ಇಟ್ಟುಕೊಂಡರು. ಬಾಲ್ಯದ ಸವಿನೆನಪು ಹೇಳಬೇಕೆಂದು ಒಬ್ಬೊಬ್ಬರಿಗೂ ಮೈಕು ಕೊಟ್ಟರು. ಫಕೀರಪ್ಪನಿಗೆ ಹಬ್ಬವಾಯಿತು. ಜಮೀಲಾಬಿಯನ್ನು ಕೈಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸಿ ವೇದಿಕೆ ಹತ್ತಿದ. ಹಿಂಜಿದ ಹತ್ತಿಯ ರಾಶಿಯಲ್ಲಿ ಹೂತುಕೊಂಡು ನಿದ್ದೆ ಮಾಡುತ್ತಿದ್ದುದನ್ನು ಹೇಳಿದ. ನಿಜಾಮಸಾಬನ ಹಿಂಜುವ ಬಿಲ್ಲಿನ ಟಂವ್ ಟಂವ್ ನಿಂತರೆ ಎಚ್ಚರವಾಗಿ ಅಳುತ್ತಿದ್ದೆ ಎಂದ. ಮೈತುಂಬ ಕಜ್ಜಿ ಎದ್ದಾಗ ಜಮೀಲಾಬಿ ಅಮ್ಮ ತನ್ನನ್ನು ಸೊಂಟದ ಮೇಲೆ ಹೊತ್ತು ಯಮನೂರ ಜಾತ್ರೆಗೆ ಒಯ್ದು, ಕಜ್ಜಿ ಕಳೆಯುತ್ತದೆನ್ನುವ ಹಳ್ಳದ ನೀರಲ್ಲಿ ಮೀಯಿಸಿ ತಂದಳು, ಬರುವಾಗ ದಾರಿಯುದ್ದಕ್ಕೂ ಬೆಂಡು ಬತ್ತಾಸು ತಿನ್ನಿಸಿದಳು ಎಂದ. ರಂಜಾನಿನ ಸುರಕುಂಬಾ ಪಾಯಸದಲ್ಲಿ ಗೋಡಂಬಿ ಎಲ್ಲ ತನ್ನ ಬಟ್ಟಲಿಗೇ ಬೀಳುತ್ತಿತ್ತು ಎಂದಾಗ ಜನ ನಕ್ಕರು. ಕೊನೆಗೆ ಕಣ್ಣೊರೆಸಿಕೊಂಡು, ಎದೆಯ ಮೇಲೆ ಕೈಯಿಟ್ಟು ಒಂದು ಮಾತು ಬಿಟ್ಟ.

“ನಮ್ಮವ್ವ ನನ್ನ ಇನ್ನೂ ತಿರಿಗಿ ಕೊಂಡಿಲ್ರಿ. ನುಚ್ಚು ಇನ್ನೂ ಕೊಟ್ಟಿಲ್ಲ. ಅಂದ್ರ ಕಾಯ್ದೆ ಪ್ರಕಾರ ನಾ ಇವತ್ತಿಗೂ ಜಮೀಲಾಬಿ ಮಗಾ ಅದೀನಿ.”

ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಮುಂದಿನ ಸಾಲಿನಲ್ಲಿ ಜಮೀಲಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇಷ್ಟು ಸುಖ ಮುದುಕರಾದ ಮೇಲೆ ಸಿಗಬಾರದು, ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ.

ಫಕೀರಪ್ಪ ಹೇಳದೆ ಬಿಟ್ಟದ್ದೂ ಇತ್ತು. ಅವನು ಆ ಮನೆಯಲ್ಲಿದ್ದಷ್ಟು ವರ್ಷ ಜಮೀಲಾಬಿ ಒಲೆಯ ಮೇಲೆ ಖಂಡ ಬೇಯಿಸಲಿಲ್ಲ. ಲಿಂಗವಂತರ ಕೂಸು, ನಾಳೆ ತಿರುಗಿ ಹೋಗುವ ಕೂಸು, ಅದರ ಬಾಯಿ ಕೆಡಿಸಬಾರದು ಎಂದು ಬಕ್ರೀದಿಗೂ ಬೇಳೆ ಬೇಯಿಸಿದಳು. ನಿಜಾಮಸಾಬ ಗೊಣಗುತ್ತ ಪಕ್ಕದ ಮನೆಯಲ್ಲಿ ಉಂಡು ಬಂದ. ಆಮೇಲೆ ಅವಳ ಹೊಟ್ಟೆಯಲ್ಲಿ ಹುಟ್ಟಿದ ಇಲಿಯಾಸನಿಗೆ ಹಾಲು ಪಾಲಾಯಿತು, ತೊಡೆ ಪಾಲಾಯಿತು, ಗೋಡಂಬಿಯಂತೂ ಕಣ್ಣಿಗೂ ಬೀಳಲಿಲ್ಲ. ಇದೆಲ್ಲ ಫಕೀರಪ್ಪನಿಗೆ ಗೊತ್ತಿರಲಿಲ್ಲ ಎಂದಲ್ಲ. ಸವಿನೆನಪಿನಲ್ಲಿ ಇದಕ್ಕೆ ಜಾಗವಿರಲಿಲ್ಲ.

ಆ ಭಾಷಣವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಬಿಟ್ಟರು. ಅದು ಕುಂದಗೋಳ ದಾಟಿತು, ಹುಬ್ಬಳ್ಳಿ ದಾಟಿತು, ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿಗೂ ಹೋಯಿತು. ಅಲ್ಲಿ ಕುಬೇರಪ್ಪ ಎಂಬ ಹಿರಿಯನ ಕೈಗೆ ಸಿಕ್ಕಿತು. ಈ ಕುಬೇರಪ್ಪನ ಮೊಮ್ಮಗನಿಗೇ ಫಕೀರಪ್ಪನ ಒಬ್ಬಳೇ ಮಗಳು ಅಮೃತಾಳನ್ನು ಗೊತ್ತು ಮಾಡಿದ್ದರು. ನಿಶ್ಚಯ ಮುಗಿದಿತ್ತು, ಮಂಗಲ ಕಾರ್ಯಾಲಯ ಹಿಡಿದಾಗಿತ್ತು. ಕುಬೇರಪ್ಪ ಪೂಜೆಯಾಗದೆ ಬಾಯಿಗೆ ನೀರು ಹಾಕದ ಮನುಷ್ಯ, ಶಾಸ್ತ್ರದ ವಿಷಯಕ್ಕೆ ಬಂದರೆ ಕೂದಲು ಸೀಳುವವನು. ಮರುದಿನವೇ ಬಂದು ಫಕೀರಪ್ಪನ ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಮುಟ್ಟದೆ ಕೇಳಿದ.

“ಮಾರಿದ ಮನಷ್ಯಾ ಮನಿಗೆ ಯಜಮಾನ ಹೆಂಗ ಆಗ್ತಾನ? ಹುಡಿಗಿನ್ನ ಧಾರಿ ಎರದು ಕೊಡೂ ಕೈ ಯಾರದು, ಹೇಳ್ರಿ. ನಿಮ್ದೋ, ಆ ಸಾಬರ ಮುದುಕೀದೋ?”

ಫಕೀರಪ್ಪ ಬೆವತ. ಅದು ಸುಮ್ಮನೆ ಭಾಷಣದ ಭರದಲ್ಲಿ ಬಂದ ಮಾತು, ಜನ ಚಪ್ಪಾಳೆ ತಟ್ಟಲಿ ಎಂದು ಆಡಿದ್ದು ಎಂದು ಕಾಲಿಗೆ ಬೀಳುವ ಹಾಗೆ ಹೇಳಿಕೊಂಡ. ಕುಬೇರಪ್ಪ ಕರಗಲಿಲ್ಲ. ನುಚ್ಚು ತಿರುಗಿ ಕೊಡಬೇಕು, ಹೇಳಬೇಕಾದ ಮಾತು ನಾಲ್ಕು ಜನರ ಮುಂದೆ ಹೇಳಬೇಕು, ನಾನೇ ನಿಂತು ನೋಡುತ್ತೇನೆ, ಇಲ್ಲವೆಂದರೆ ನಿಶ್ಚಯದ ಸೀರೆ ವಾಪಸು ಕಳಿಸುತ್ತೇನೆ ಎಂದ. ಒಳಗೆ ಹೆಂಡತಿ ಬಿಕ್ಕಿ ಬಿಕ್ಕಿ ಅಳುವುದು ಕೇಳುತ್ತಿತ್ತು. ಫಕೀರಪ್ಪ ಅಂಗಿ ಬದಲಿಸಿ ಪಿಂಜಾರ ಓಣಿಗೆ ನಡೆದ.

ಜಮೀಲಾಬಿ ಆಗ ಪಡಸಾಲೆಯಲ್ಲಿ ಅಮೃತಾಳಿಗೆಂದು ಗಾದಿ ತುಂಬುತ್ತಿದ್ದಳು. ಇಲಿಯಾಸನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಗಾದಿ ಅಂಗಡಿ ಇದೆ, ಯಂತ್ರ ಇದೆ, ಆದರೆ ಈ ಗಾದಿಯ ಹತ್ತಿಯನ್ನು ಅವಳು ಯಂತ್ರಕ್ಕೆ ಹಾಕಲು ಬಿಟ್ಟಿರಲಿಲ್ಲ. ಒಂದೊಂದು ಹಿಡಿಯನ್ನೂ ಕೈಯಲ್ಲಿ ಬಿಡಿಸಿ, ಕಸ ಹೆಕ್ಕಿ ಇಡುತ್ತಿದ್ದಳು. ಫಕೀರಪ್ಪ ಬಂದವನೇ ಅರ್ಧ ತುಂಬಿದ ಗಾದಿಯ ಮೇಲೆ ಕಾಲು ಚಾಚಿ ಕೂತು ಬಾಲ್ಯ ಶುರುಮಾಡಿದ. ಹತ್ತಿಯ ರಾಶಿ ಬಂತು, ಯಮನೂರು ಬಂತು, ಗೋಡಂಬಿ ಬಂತು. ಮುದುಕಿ ಬೊಚ್ಚುಬಾಯಿ ಬಿಟ್ಟು ನಗುತ್ತ, ನಡುನಡುವೆ ಅವನು ಬಿಟ್ಟದ್ದನ್ನು ಸೇರಿಸುತ್ತ ಕೂತಳು. ಇಷ್ಟು ಬೆಣ್ಣೆ ಹಚ್ಚಿದ ಮೇಲೆ ಅವನು ಬಂದ ಕೆಲಸ ಹೇಳಿದ.

ಜಮೀಲಾಬಿಯ ಹತ್ತಿ ಬಿಡಿಸುವ ಕೈ ನಿಂತಿತು. ಫಕೀರಪ್ಪ ಅವಳ ಎರಡೂ ಪಾದ ಹಿಡಿದುಕೊಂಡ.

“ಅಮ್ಮಾ, ಬರೇ ಶಾಸ್ತ್ರ ಅದು. ಒಂದು ಮೊರ ನುಚ್ಚು ಕೊಟ್ರ ನಾ ಹೋದಂಗ ಏನು? ನಿನ್ನ ಮಗಾನಽ ಅದೀನಿ, ನಿನ್ನ ಮಗಾನಽ ಇರ್ತೀನಿ. ಅಮೃತಾನ ಬಾಳು ನಿನ್ನ ಕೈಯಾಗೈತಿ.”

ಜಮೀಲಾಬಿಗೆ ಬೇಕಾದದ್ದು ಬಹಳ ಸಣ್ಣದು. ಅಮೃತಾ ತೊಟ್ಟಿಲಲ್ಲಿದ್ದಾಗಿನಿಂದ ಫಕೀರಪ್ಪ ಹೇಳುತ್ತ ಬಂದಿದ್ದ, ಇವಳ ಲಗ್ನದ ಹಂದರದಲ್ಲಿ ನೀನು ಅವ್ವನ ಬಾಜೂ ಕೂರಬೇಕು, ಮೊದಲ ಅಕ್ಕಿಕಾಳು ನಿನ್ನ ಕೈಯಿಂದಲೇ ಬೀಳಬೇಕು ಎಂದು. ಅದೊಂದು ದಿನ ಊರೆಲ್ಲ ನೋಡುವ ಹಾಗೆ ಅಜ್ಜಿಯಾಗಿ ಕೂತು ಎದ್ದರೆ ಅವಳಿಗೆ ಸಾಕಿತ್ತು. ಆ ಆಸೆಯ ಮೇಲೆ ಅವಳು ಇಪ್ಪತ್ತು ವರ್ಷ ದಾಟಿಸಿದ್ದಳು.

“ಆತು. ಆದ್ರ ಹಂದರದಾಗ ನನ್ನ ಕುರ್ಚಿ ತಪ್ಪಬಾರದು ನೋಡು, ಮಗಾ.”

“ನಿನ್ನ ಹಾಲಿನ ಆಣಿ” ಎಂದ ಫಕೀರಪ್ಪ, ಒಂದು ಕ್ಷಣವೂ ತಡೆಯದೆ.

ಸಂಜೆ ಇಲಿಯಾಸ್ ಅಂಗಡಿಯಿಂದ ಬಂದವನು ವಿಷಯ ಕೇಳಿ ಕೆಂಡವಾದ. ಈ ಶಾಸ್ತ್ರಕ್ಕೆ ಒಪ್ಪಬೇಡ, ನುಚ್ಚು ಮುಟ್ಟಬೇಡ, ಇವರಿಗೆ ಕೆಲಸವಾದ ಮೇಲೆ ನಿನ್ನ ಗುರುತು ಇರುವುದಿಲ್ಲ ಎಂದ. ಮನೆಯವರನ್ನು ಯಾರೂ ಮೈಕಿನಲ್ಲಿ ಹೊಗಳುವುದಿಲ್ಲ, ಅವನು ಹೊಗಳಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು ಎಂದೂ ಹೇಳಿದ. ಜಮೀಲಾಬಿಗೆ ಸಿಟ್ಟು ನೆತ್ತಿಗೇರಿತು. ನಿನಗೆ ಹುಟ್ಟಿದಾಗಿನಿಂದ ಅವನ ಮೇಲೆ ಹೊಟ್ಟೆಕಿಚ್ಚು ಎಂದುಬಿಟ್ಟಳು. ಅದು ನಿಜವೂ ಆಗಿತ್ತು. ಇಲಿಯಾಸ್ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಹೊಟ್ಟೆಯಲ್ಲಿ ಹುಟ್ಟಿದವನನ್ನು ನೋಯಿಸಿದೆ ಎಂದು ಅವಳಿಗೆ ಆಗ ಅನಿಸಲೇ ಇಲ್ಲ. ತಾಯಿಯಾದವಳಿಗೂ ಇಂಥ ಕುರುಡು ಇರುತ್ತದೆ, ಅದಕ್ಕೆ ಕ್ಷಮೆ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಶಾಸ್ತ್ರಕ್ಕೆ ಗೊತ್ತಾದ ಸೋಮವಾರ ಮುಂಜಾನೆ ಅವಳು ಸೊಸೆ ನಿಲೋಫರಳ ಕೈಯಿಂದ ಅಂಗಳ ಸಾರಿಸಿ, ಬೀಗರು ಬರುತ್ತಾರೆಂದು ಹೊಸ ಚಾಪೆ ಹಾಸಿಸಿದಳು. ಏಲಕ್ಕಿ ಹಾಕಿ ಚಹಾಕ್ಕೆ ಇಟ್ಟಳು. ಕುಬೇರಪ್ಪ ಮಿಶ್ರಿಕೋಟಿಯ ಇಬ್ಬರು ಹಿರಿಯರೊಂದಿಗೆ ಬಂದ. ಚಾಪೆಯ ಅಂಚಿನ ಆಚೆಯೇ ನಿಂತ. ಚಹಾ ಬೇಡವೆಂದ, ನೀರೂ ಬೇಡವೆಂದ. ಫಕೀರಪ್ಪನ ತೋಳು ಹಿಡಿದು ಗುರವ್ವ ಬಂದಳು, ಸೊಂಟ ಬಗ್ಗಿದ ಮುದುಕಿ. ಅವಳ ಹಿಂದೆ ಆಳು ನುಚ್ಚು ತುಂಬಿದ ಹೊಸ ಮೊರ ಹಿಡಿದು ಬಂದ. ಓಣಿಯ ಜನ ಗೋಡೆಗುಂಟ ನಿಂತರು. ಇಲಿಯಾಸ್ ಬಾಗಿಲ ಚೌಕಟ್ಟಿಗೆ ಒರಗಿ ಕೈಕಟ್ಟಿಕೊಂಡಿದ್ದ.

ಮಾರುವಾಗ ಆಡಿದ ಮಾತನ್ನೇ ತಿರುಗಿಸಿ ಆಡಿದರೆ ಮಾತ್ರ ಮಾರಾಟ ಮುರಿಯುತ್ತದೆ, ಅಂದು ಏನೆಂದು ಕೂಸನ್ನು ದಾಟಿಸಿದಿರಿ ಎಂದು ಕುಬೇರಪ್ಪ ಗುರವ್ವನನ್ನು ಕೇಳಿದ. ಗುರವ್ವ ಅದು ಮರೆತುಹೋಗಿದೆ ಎಂದಳು. ಕುಬೇರಪ್ಪ ಬಿಡಲಿಲ್ಲ. ಅವಳು ಮಗನ ಮುಖ ನೋಡಿದಳು, ನೆಲ ನೋಡಿದಳು, ಸೆರಗು ಎಳೆದುಕೊಂಡಳು.

“ತಿಪ್ಪಿಗೆ ಒಗದೇನಿ, ಯಾರಿಗೆ ಬೇಕೋ ಅವರು ಆರಿಸ್ಕೊಳ್ಳ್ರಿ ಅಂದಿದ್ದೆ” ಎಂದಳು ಸಣ್ಣ ದನಿಯಲ್ಲಿ.

ಜಮೀಲಾಬಿ ತನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡಳು. ಅಂದು ಗೋಡೆಯ ಆಚೆ ಗುರವ್ವ ಏನೋ ಗೊಣಗಿದ್ದು ನೆನಪಿತ್ತು. ಕೂಸಿಗೆ ಒಳ್ಳೆಯದಾಗಲೆಂದು ದೇವರ ಹೆಸರು ಹೇಳುತ್ತಿದ್ದಾಳೆ ಎಂದು ತಿಳಿದು ಈಚೆ ನಿಂತು ತಾನೂ ಬಿಸ್ಮಿಲ್ಲಾ ಅಂದಿದ್ದಳು. ಗುರವ್ವ ಈಗ ಅವಳ ಕಡೆ ತಿರುಗಿ ಸಮಾಧಾನ ಹೇಳಲು ಹೊರಟಳು. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

“ನಿನ್ನ ಮ್ಯಾಲಿನ ಸಿಟ್ಟಿಗೆ ಅಂದದ್ದಲ್ಲವಾ ಜಮೀಲಾ. ಕೂಸು ಬದುಕಿದ್ದ ಮನಿಗೆ ಕೊಟ್ರ ಸಾವು ಹುಡಿಕ್ಕೊಂಡು ಹೊಕ್ಕತೈತಿ ಅಂದ್ರು ಹಿರ್ಯಾರು. ನಿನ್ನ ಕೂಸು ಆಗಽ ಸತ್ತಿತ್ತು. ಉಂಡು ಎದ್ದ ಎಲಿ ಕಡೆ ಸಾವು ಮತ್ತ ತಿರಿಗಿ ನೋಡೂದಿಲ್ಲ ಅಂತ ನಿನಗ ಕೊಟ್ಟೆ.”

ಇಷ್ಟು ವರ್ಷ ಜಮೀಲಾಬಿ ತನ್ನ ಹಾಲು ನೋಡಿ, ತನ್ನ ಒಳ್ಳೆಯತನ ನೋಡಿ, ಓಣಿಯ ಅಷ್ಟೂ ಹೆಂಗಸರಲ್ಲಿ ತನ್ನನ್ನೇ ಆರಿಸಿದರೆಂದು ನಂಬಿ ಬಾಳಿದವಳು. ಸತ್ತ ಕೂಸಿನ ದುಃಖವನ್ನೂ ಆ ನಂಬಿಕೆಯ ಮೇಲೆಯೇ ನುಂಗಿದ್ದಳು. ಅವಳು ಫಕೀರಪ್ಪನ ಮುಖ ನೋಡಿದಳು. ಅವನಿಗಾದರೂ ಸಿಟ್ಟು ಬರುತ್ತದೆ, ಏನವ್ವಾ ಇದು ಎಂದು ಕೇಳುತ್ತಾನೆ ಎಂದು ಕಾದಳು. ಅವನ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಊರೂರ ಮೈಕಿನಲ್ಲಿ ಹತ್ತಿಯ ರಾಶಿಯ ಕಥೆ ಹೇಳಿಕೊಂಡು ಬಂದಿದ್ದ.

ಇಲಿಯಾಸ್ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಜಮೀಲಾಬಿ ಕೈ ಎತ್ತಿ ಅವನನ್ನು ತಡೆದಳು. ಅವಳ ಕಣ್ಣು ಇನ್ನೂ ಲಗ್ನದ ಆ ಕುರ್ಚಿಯ ಮೇಲಿತ್ತು. ಅಂದವರು ಅಂದುಕೊಳ್ಳಲಿ, ಹಂದರದಲ್ಲಿ ಕೂತರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಗುರವ್ವ ನುಚ್ಚಿನ ಮೊರವನ್ನು ಜಮೀಲಾಬಿಯ ಮುಂದೆ ಇಟ್ಟು, ತಿಪ್ಪೆಯಿಂದ ಎತ್ತಿಕೊಂಡೆ ಎಂದು ಮೂರು ಸಲ ಹೇಳಿದಳು. ಆಮೇಲೆ ಕುಬೇರಪ್ಪ ಜಮೀಲಾಬಿಯ ಕಡೆ ತಿರುಗಿ, ಫಕೀರಪ್ಪನಿಗೆ ಬೊಟ್ಟು ಮಾಡಿ, ಈ ಮನುಷ್ಯ ನಿನಗೆ ಏನಾಗಬೇಕು ಎಂದು ಕೇಳಿದ. ಯಾರೂ ಅಲ್ಲ ಎನ್ನಬೇಕು, ಅದೂ ಮೂರು ಸಲ. ಮೊದಲ ಸಲ ಅವಳು ತನಗಷ್ಟೇ ಕೇಳುವ ಹಾಗೆ ಅಂದಳು. ಗೋಡೆಗುಂಟ ನಿಂತವರಿಗೂ ಕೇಳಿಸಬೇಕು ಎಂದು ಕುಬೇರಪ್ಪ ಮತ್ತೆ ಹೇಳಿಸಿದ. ಯಾರೂ ಅಲ್ಲ ಎಂದಳು. ಎರಡನೆಯ ಸಲ ನುಚ್ಚಿನ ಮೊರ ನೋಡುತ್ತ ಅಂದಳು. ಮೂರನೆಯ ಸಲ ಮಾತು ಸರಾಗವಾಗಿ ಬಂತು; ಅದು ಬಂದ ಸರಾಗಕ್ಕೆ ಅವಳಿಗೆ ಭಯವಾಯಿತು.

ಕುಬೇರಪ್ಪನ ಮುಖ ಅರಳಿತು. ಇನ್ನು ಬೀಗತನಕ್ಕೆ ಅಡ್ಡಿಯಿಲ್ಲ, ಮುಹೂರ್ತದ ದಿನ ಎಲ್ಲರೂ ಬೇಗ ಬರಬೇಕು ಎಂದ. ಎಲ್ಲರೂ ಎಂದಾಗ ಜಮೀಲಾಬಿಗೆ ಜೀವ ಬಂತು. ಅಂದು ತಾನು ಹಸಿರು ಸೀರೆ ಉಡಲೋ, ಇಲಕಲ್ಲಿನದು ಉಡಲೋ, ಗುರವ್ವನ ಬಾಜೂ ಕೂರುವಾಗ ಯಾವುದು ಒಪ್ಪುತ್ತದೆ ಎಂದು ಫಕೀರಪ್ಪನನ್ನು ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ಕುಬೇರಪ್ಪ ತೆರೆದ.

“ಯಾರೂ ಅಲ್ಲ ಅಂತ ನೀನಽ ಈಗ ಮಂದಿ ಮುಂದ ಅಂದಿ. ಯಾರೂ ಅಲ್ಲದಾಕಿ ಹಂದರದಾಗ ಯಾವ ಸಂಬಂಧದ ಮ್ಯಾಲೆ ಕುಂದರ್ತಿ?”

ಜಮೀಲಾಬಿ ಫಕೀರಪ್ಪನನ್ನೇ ನೋಡಿದಳು. ಹಾಲಿನ ಮೇಲೆ ಆಣೆ ಇಟ್ಟ ಬಾಯಿ ಅಲ್ಲೇ ಇತ್ತು, ಮೀಸೆಯ ಕೆಳಗೆ. ಅದು ತೆರೆಯಲಿಲ್ಲ. ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡು, ಆಳಿಗೆ ಕಣ್ಸನ್ನೆ ಮಾಡಿದ. ಆಳು ಕಾರಿನಿಂದ ಒಂದು ತಟ್ಟೆ ತಂದ. ಅದರಲ್ಲಿ ಶಾಲು, ಗಂಧದ ಹಾರ, ಸೇಬು, ಬಾಳೆಹಣ್ಣು ಇದ್ದವು. ಎಲ್ಲ ಮೊದಲೇ ಖರೀದಿಯಾಗಿತ್ತು, ಅಂದರೆ ಏನಾಗುತ್ತದೆ ಎಂಬುದೂ ಮೊದಲೇ ಗೊತ್ತಿತ್ತು.

ಫಕೀರಪ್ಪ ಶಾಲು ಬಿಡಿಸಿ ಜಮೀಲಾಬಿಯ ಹೆಗಲಿಗೆ ಹೊದಿಸಿದ. ಹಾರ ಹಾಕಿದ. ಆಳು ಮೊಬೈಲಿನಲ್ಲಿ ಫೋಟೊ ತೆಗೆದ. ತಟ್ಟೆಯನ್ನು ಅವಳ ಕೈಗಿಡುವಾಗ ಫಕೀರಪ್ಪನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಮೈಕು ಇಲ್ಲದಿದ್ದರೂ ದನಿ ಮೈಕಿನದೇ ಆಗಿತ್ತು.

“ನನ್ನ ಬಾಲ್ಯದ ಸವಿನೆನಪು ಎಲ್ಲಾ ನೀವು ಕೊಟ್ಟದ್ರಿ. ನಿಮ್ಮ ಉಪಕಾರ ನಾ ಸಾಯೂತನಾ ಮರಿಯೂದಿಲ್ರಿ.”

ಜಮೀಲಾಬಿಯ ಕಿವಿಗೆ ಹೊಗಳಿಕೆ ಬೀಳಲಿಲ್ಲ, ಅದರ ಬಾಲಕ್ಕಿದ್ದ ‘ರಿ’ ಬಿತ್ತು. ಬ್ಯಾಂಕಿನ ಸಾಹೇಬರಿಗೆ ಹಚ್ಚುವ ರಿ, ಬೀಗರಿಗೆ ಹಚ್ಚುವ ರಿ, ಬಸ್ಸಿನಲ್ಲಿ ತುಸು ಸರಿಯಿರಿ ಎಂದು ಗುರುತಿಲ್ಲದವರಿಗೆ ಹಚ್ಚುವ ರಿ. ಹಸಿದಾಗ, ಹಟ ಮಾಡಿದಾಗ, ಸಿಟ್ಟಿನಲ್ಲಿ ಊಟದ ಗಂಗಾಳ ಎಸೆದಾಗ, ಹೆಂಡತಿಯ ಮೇಲೆ ದೂರು ಹೇಳಲು ಬಂದಾಗ, ಮೊನ್ನೆ ಗಾದಿಯ ಮೇಲೆ ಕೂತು ಪಾದ ಹಿಡಿದಾಗಲೂ ಅವನ ಬಾಯಲ್ಲಿ ಅವಳು ‘ನೀ’ ಆಗಿದ್ದಳು. ತಿಪ್ಪೆ ಎಂದದ್ದನ್ನು ಅವಳು ಹೇಗೋ ನುಂಗಿದ್ದಳು. ಕುರ್ಚಿ ಹೋದದ್ದನ್ನೂ ನಾಳೆ ನಾಡಿದ್ದರಲ್ಲಿ ನುಂಗುತ್ತಿದ್ದಳೇನೋ. ಈ ಒಂದಕ್ಷರ ಗಂಟಲಲ್ಲಿ ಅಡ್ಡ ನಿಂತಿತು. ಅವನು ಅದನ್ನು ಬೇಕೆಂದು ಹಚ್ಚಿರಲಿಲ್ಲ, ತಾನಾಗಿಯೇ ಬಂದಿತ್ತು. ಅಷ್ಟು ಬೇಗ ತಾನಾಗಿಯೇ ಬಂದಿತಲ್ಲ ಎಂದುಕೊಂಡಳು.

ಇಲಿಯಾಸ್ ಹಿಂದೆ ಬಂದು ತಾಯಿಯ ಬೆನ್ನಿಗೆ ನಿಂತ. ಜಮೀಲಾಬಿ ಹಣ್ಣಿನ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದು, ಬಂದವರಿಗೆ ಹೇಳುವ ಹಾಗೆ ಹೇಳಿದಳು.

“ಆತ್ರಿ ಫಕೀರಪ್ಪನವರ. ಹೋಗಿ ಬರ್ರಿ.”

ಫಕೀರಪ್ಪ ಕೈಮುಗಿದು, ಜಗಲಿಯ ಕೆಳಗೆ ಬಿಟ್ಟಿದ್ದ ಚಪ್ಪಲಿ ಹುಡುಕತೊಡಗಿದ. ಮರ್ಯಾದೆ ಬಲ್ಲ ಮುದುಕಿ ಎಂದು ಕುಬೇರಪ್ಪ ಕಾರು ಹತ್ತುವಾಗ ಮೆಚ್ಚಿ ನುಡಿದ. ಫಕೀರಪ್ಪ ಹೌದೆಂದು ತಲೆಯಾಡಿಸಿದ.